ಗೆಳೆಯನೊಬ್ಬ, ಗೆಳೆಯರಲ್ಲೊಬ್ಬ

ಕೆಲಸಕ್ಕೆ ಅರ್ಜಿ ಬರೆಯುವ ನಮ್ಮ ಹುಡುಗ ಹುಡುಗಿಯರ ಇಂಗ್ಲಿಷಿನಲ್ಲಿ ‘ಒನ್ ಆಫ್’ ಬಂದೇ ಬರುತ್ತದೆ. ‘ಒನ್ ಆಫ್ ಮೈ ಟೀಚರ್’, ‘ಒನ್ ಆಫ್ ದಿ ಬೆಸ್ಟ್ ಕಾಲೇಜ್’, ‘ಒನ್ ಆಫ್ ಮೈ ಹಾಬಿ’, ‘ಒನ್ ಆಫ್ ದಿ ರೀಸನ್ಸ್ ಆರ್’. ಬರೆದವರ ವಿಚಾರ ಸ್ಪಷ್ಟವಾಗಿರುತ್ತದೆ, ಪಟ್ಟ ಶ್ರಮ ಎದ್ದು ಕಾಣುತ್ತದೆ. ಆದರೂ ಅರ್ಜಿ ಓದುವವರ ಕಣ್ಣು ಬಿಟ್ಟುಹೋದ ಆ ‘ಎಸ್’ ಮೇಲೆ ನಿಲ್ಲುತ್ತದೆ. ಬರೆದವರ ಇಡೀ ಓದಿನ ಬಗ್ಗೆ ಅಲ್ಲೇ ಒಂದು ತೀರ್ಮಾನವೂ ಆಗಿಹೋಗುತ್ತದೆ. ಇದು ಅನ್ಯಾಯ. ಆದರೆ ದಿನವೂ ನಡೆಯುವ ಅನ್ಯಾಯ. ಬ್ಯಾಂಕ್ ನೇಮಕಾತಿ, ಎಸ್‌ಎಸ್‌ಸಿಯಂಥ ಸ್ಪರ್ಧಾತ್ಮಕ ಪರೀಕ್ಷೆಗಳಲ್ಲಿ ವಾಕ್ಯದ ಯಾವ ಭಾಗದಲ್ಲಿ ತಪ್ಪಿದೆ ಎಂದು ಗುರುತಿಸುವ ಪ್ರಶ್ನೆಗಳಿರುತ್ತವಲ್ಲ, ಅಲ್ಲೂ ಈ ನುಡಿಗಟ್ಟು ಮತ್ತೆ ಮತ್ತೆ ಬರುತ್ತದೆ.

ಇದನ್ನು ತಿದ್ದಲು ತರಗತಿಗಳಲ್ಲಿ ಕೊಡುವ ಸೂತ್ರ ಚಿಕ್ಕದು: ‘ಒನ್ ಆಫ್’ ಆದಮೇಲೆ ನಾಮಪದ ಬಹುವಚನ, ಕ್ರಿಯಾಪದ ಏಕವಚನ. ‘ಒನ್ ಆಫ್ ಮೈ ಫ್ರೆಂಡ್ಸ್ ಈಸ್ ಎ ಡಾಕ್ಟರ್.’ ಸೂತ್ರ ಸರಿಯೇ. ಆದರೆ ಬಾಯಿಪಾಠ ಮಾಡಿದ ಸೂತ್ರ ಪರೀಕ್ಷೆಯ ದಿನ ನೆನಪಿದ್ದು, ಪತ್ರ ಬರೆಯುವ ದಿನ ಮರೆತುಹೋಗುತ್ತದೆ. ಕನ್ನಡದಲ್ಲಿ ಯೋಚಿಸುವವರಿಗೆ ಇದೇ ಜಾಗದಲ್ಲಿ ಯಾಕೆ ಎಡವುತ್ತದೆ ಎಂಬುದನ್ನು ಆ ಸೂತ್ರ ಹೇಳುವುದಿಲ್ಲ. ಎಡವುವುದಕ್ಕೆ ಕಾರಣ ನಮ್ಮ ಕನ್ನಡದಲ್ಲಿದೆ. ಎಡವದೆ ನಡೆಯುವ ದಾರಿಯೂ ನಮ್ಮ ಕನ್ನಡದಲ್ಲೇ ಇದೆ. ಕನ್ನಡ ಮಾಧ್ಯಮದಲ್ಲಿ ಓದಿದ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕು ಎಂಬುದು ನನ್ನ ಹಂಬಲ. ಇಂಗ್ಲಿಷ್ ಕಲಿಯಬೇಕಾದರೆ ಕನ್ನಡವನ್ನು ತಲೆಯಿಂದ ಆಚೆ ಹಾಕಬೇಕು ಎಂದು ಅವರಿಗೆ ಎಷ್ಟೋ ಕಡೆ ಹೇಳಲಾಗುತ್ತದೆ. ಈ ನುಡಿಗಟ್ಟಿನ ಮಟ್ಟಿಗಂತೂ ಆ ಮಾತು ತಪ್ಪು.

‘ನನ್ನ ಗೆಳೆಯರಲ್ಲಿ ಒಬ್ಬ ನಿನ್ನೆ ಊರಿಂದ ಬಂದ’ ಎನ್ನುತ್ತೇವೆ. ಇಲ್ಲಿ ಬಹುವಚನ ತಪ್ಪುವವರು ಯಾರಿದ್ದಾರೆ? ‘ನನ್ನ ಗೆಳೆಯನಲ್ಲಿ ಒಬ್ಬ’ ಎಂದು ಐದು ವರ್ಷದ ಮಗುವೂ ಹೇಳುವುದಿಲ್ಲ. ‘ಆ ಪೆಟ್ಟಿಗೆಗಳಲ್ಲಿ ಒಂದು ಕೊಡು’ ಎಂದರೆ ಹಲವು ಪೆಟ್ಟಿಗೆಗಳಿವೆ, ಅವುಗಳಲ್ಲಿ ಒಂದು ಪೆಟ್ಟಿಗೆ ಬೇಕು ಎಂದರ್ಥ. ‘ಆ ಪೆಟ್ಟಿಗೆಯಲ್ಲಿ ಒಂದು ಕೊಡು’ ಎಂದರೆ ಇರುವುದು ಒಂದೇ ಪೆಟ್ಟಿಗೆ, ಅದರೊಳಗಿರುವ ವಸ್ತುಗಳಲ್ಲಿ ಒಂದು ಬೇಕು ಎಂದಾಗುತ್ತದೆ. ‘ಗಳು’ ಹೋದರೆ ಕನ್ನಡದಲ್ಲಿ ಅರ್ಥವೇ ಬದಲಾಗುತ್ತದೆ. ಗುಂಪಿಲ್ಲದೆ ಆಯ್ಕೆಯಿಲ್ಲ ಎಂಬುದು ನಮ್ಮ ನುಡಿಗೆ ಚೆನ್ನಾಗಿ ಗೊತ್ತು.

ಸಂಸ್ಕೃತ ವ್ಯಾಕರಣ ಇದಕ್ಕೊಂದು ಹೆಸರನ್ನೇ ಇಟ್ಟಿದೆ: ನಿರ್ಧಾರಣ. ಗುಂಪಿನಿಂದ ಒಂದನ್ನು ಬೇರ್ಪಡಿಸಿ ಹೇಳುವುದು. ಪಾಣಿನಿ ತನ್ನ ಅಷ್ಟಾಧ್ಯಾಯಿಯ ಎರಡನೇ ಅಧ್ಯಾಯದಲ್ಲಿ ಇದಕ್ಕಾಗಿಯೇ ಸೂತ್ರ ಬರೆದಿದ್ದಾನೆ. ಯಾವುದರಿಂದ ಬೇರ್ಪಡಿಸುತ್ತೇವೋ ಆ ಗುಂಪಿನ ಹೆಸರಿಗೆ ಷಷ್ಠಿ ಅಥವಾ ಸಪ್ತಮಿ ವಿಭಕ್ತಿ ಬರುತ್ತದೆ. ಅಷ್ಟಾಧ್ಯಾಯಿಯ ವ್ಯಾಖ್ಯಾನವಾದ ಕಾಶಿಕಾ ವೃತ್ತಿ ಅದನ್ನು ವಿವರಿಸಲು ತೆಗೆದುಕೊಂಡಿರುವುದು ಹಸುಗಳ ಉದಾಹರಣೆ: ಅವುಗಳಲ್ಲಿ ಹೆಚ್ಚು ಹಾಲು ಕೊಡುವುದು ಕಪ್ಪು ಹಸು. ಕನ್ನಡ ‘ಗೆಳೆಯರಲ್ಲಿ’ ಎಂದು ಸಪ್ತಮಿಯ ದಾರಿ ಹಿಡಿಯಿತು. ಇಂಗ್ಲಿಷಿನ ‘ಆಫ್’ ಷಷ್ಠಿಗೆ ಹತ್ತಿರ. ದಾರಿ ಬೇರೆಯಾದರೂ ಗುಂಪು ಎರಡೂ ಕಡೆ ಗುಂಪೇ.

ಹಾಗಾದರೆ ಕನ್ನಡದಲ್ಲಿ ತಪ್ಪದವರು ಇಂಗ್ಲಿಷಿನಲ್ಲಿ ಯಾಕೆ ತಪ್ಪುತ್ತಾರೆ? ಪದಗಳು ಬರುವ ಸರದಿಯನ್ನು ನೋಡಿ. ಕನ್ನಡದಲ್ಲಿ ಮೊದಲು ಗುಂಪು, ಆಮೇಲೆ ಅದರಲ್ಲಿ ಒಬ್ಬ. ‘ಗೆಳೆಯರಲ್ಲಿ’ ಎನ್ನುವಾಗ ‘ಒಬ್ಬ’ ಇನ್ನೂ ನಾಲಿಗೆಗೆ ಬಂದಿರುವುದಿಲ್ಲ. ಹಾಗಾಗಿ ಬಹುವಚನಕ್ಕೆ ಅಡ್ಡಿಯಿಲ್ಲ. ಇಂಗ್ಲಿಷಿನಲ್ಲಿ ಇದು ತಿರುಗುಮುರುಗು. ‘ಒನ್’ ಮೊದಲೇ ಬಂದು ಕೂರುತ್ತದೆ. ಮನಸ್ಸು ಆಗಲೇ ಒಬ್ಬನನ್ನು ಹಿಡಿದುಕೊಂಡಿರುತ್ತದೆ. ನಂತರ ಬರುವ ನಾಮಪದ ಆ ಒಬ್ಬನದೇ ಹೆಸರು ಎಂಬಂತೆ ‘ಫ್ರೆಂಡ್’ ಎಂದು ಹೊರಬೀಳುತ್ತದೆ. ನಡುವೆ ನಿಂತ ‘ಆಫ್’ ಕಿವಿಗೆ ಬೀಳುವುದೇ ಇಲ್ಲ. ಒಂದು ಬುಟ್ಟಿ ಮಾವಿನಹಣ್ಣನ್ನು ಎದುರಿಗಿಟ್ಟುಕೊಂಡು ಅದರಿಂದ ಒಂದನ್ನು ಎತ್ತಿಕೊಳ್ಳುವವನು ಬುಟ್ಟಿಯನ್ನು ಮರೆಯುವುದಿಲ್ಲ. ಇಂಗ್ಲಿಷ್ ಹಣ್ಣನ್ನು ಮೊದಲು ಕೈಗೆ ಕೊಟ್ಟು, ಬುಟ್ಟಿಯನ್ನು ಆಮೇಲೆ ತೋರಿಸುತ್ತದೆ.

ಕ್ರಿಯಾಪದದ ತಪ್ಪಿಗೂ ಇದೇ ಬೇರು. ಕನ್ನಡದಲ್ಲಿ ‘ಒಬ್ಬ’ ವಾಕ್ಯದ ಕೊನೆಗೆ, ಕ್ರಿಯಾಪದದ ಕಡೆಗೆ ಸರಿದಿರುತ್ತಾನೆ. ‘ಒಬ್ಬ ಬಂದ’, ಅಷ್ಟೇ. ಇಂಗ್ಲಿಷಿನಲ್ಲಿ ‘ಒನ್’ ದೂರ ಉಳಿದು, ಬಹುವಚನದ ನಾಮಪದ ಕ್ರಿಯಾಪದದ ಪಕ್ಕಕ್ಕೆ ಬರುತ್ತದೆ: ‘ಒನ್ ಆಫ್ ದಿ ರೀಸನ್ಸ್…’ ಎಂದಾದಮೇಲೆ ಕಿವಿಯಲ್ಲಿ ಉಳಿದಿರುವುದು ‘ರೀಸನ್ಸ್’. ಆದ್ದರಿಂದ ‘ಆರ್’ ಎಂದು ಬರುತ್ತದೆ. ಬೇಕಾದದ್ದು ‘ಈಸ್’. ಇಲ್ಲಿ ಕಾರಣ ಒಂದು. ‘ಈಸ್’ ಆ ಒಂದಕ್ಕೆ ಸೇರಿದ್ದು.

ಈ ಎರಡನೇ ತಪ್ಪು ನಮ್ಮವರದು ಮಾತ್ರವಲ್ಲ ಎಂಬುದನ್ನೂ ಮಕ್ಕಳಿಗೆ ಹೇಳಬೇಕು. ನಮ್ಮ ಹಿಂದಿನ ಎರಡು ಮೂರು ತಲೆಮಾರು ಇಂಗ್ಲಿಷ್ ಕಲಿತ, 1930ರ ದಶಕದಲ್ಲಿ ಹೊರಬಂದ ರೆನ್ ಮತ್ತು ಮಾರ್ಟಿನ್ ಅವರ ವ್ಯಾಕರಣ ಪುಸ್ತಕ ಇದನ್ನು ‘ಎರರ್ ಆಫ್ ಪ್ರಾಕ್ಸಿಮಿಟಿ’ ಎಂದು ಕರೆಯಿತು. ಅಂದರೆ ಹತ್ತಿರವಿರುವ ಪದದ ಸೆಳೆತಕ್ಕೆ ಸಿಕ್ಕಿ ಆಗುವ ತಪ್ಪು. 1991ರಲ್ಲಿ ಕ್ಯಾಥರಿನ್ ಬಾಕ್ ಮತ್ತು ಕರೋಲ್ ಮಿಲ್ಲರ್ ಎಂಬ ಮನೋವಿಜ್ಞಾನಿಗಳು ಇಂಗ್ಲಿಷ್ ಮಾತೃಭಾಷೆಯವರಿಗೇ ವಾಕ್ಯದ ಮೊದಲ ಭಾಗವನ್ನು ಕೊಟ್ಟು, ಉಳಿದದ್ದನ್ನು ಅವರಿಂದ ಹೇಳಿಸಿ ಪರೀಕ್ಷಿಸಿದರು. ಕರ್ತೃ ಏಕವಚನದಲ್ಲಿದ್ದು, ಅದಕ್ಕೂ ಕ್ರಿಯಾಪದಕ್ಕೂ ನಡುವೆ ಬಹುವಚನದ ನಾಮಪದ ಬಂದಾಗ ಅವರೂ ತಪ್ಪಿದರು. ಅದನ್ನೇ ತಿರುಗಿಸಿ, ಬಹುವಚನದ ಕರ್ತೃವಿನ ನಂತರ ಏಕವಚನವನ್ನು ಇಟ್ಟಾಗ ಅಷ್ಟು ತಪ್ಪಲಿಲ್ಲ. ‘ಒನ್ ಆಫ್ ದಿ ರೀಸನ್ಸ್’ ಸೇರಿರುವುದು ಮೊದಲನೆಯ ಗುಂಪಿಗೆ. ಹುಟ್ಟಿದಾಗಿನಿಂದ ಆ ನುಡಿಯನ್ನೇ ಆಡಿದವರ ಕಾಲೂ ಜಾರುವ ಜಾಗ ಅದು. ಬರವಣಿಗೆಯಲ್ಲಿ ಒಂದು ಅನುಕೂಲವಿದೆ: ಹಿಂದಿರುಗಿ ನೋಡಬಹುದು. ‘ಆಫ್’ ಮತ್ತು ಅದರ ನಂತರದ ಗುಂಪನ್ನು ಬೆರಳಿನಿಂದ ಮುಚ್ಚಿ ಓದಿ. ‘ಒನ್… ಈಸ್’. ತಪ್ಪಿದ್ದರೆ ತಾನೇ ಕಾಣಿಸುತ್ತದೆ.

ನಮ್ಮವರನ್ನು ಮಾತ್ರ ಕಾಡುವ ತೊಡಕು ಬೇರೊಂದಿದೆ, ಅದು ಗೌರವ ವಚನ. ‘ನಮ್ಮ ಮೇಷ್ಟ್ರುಗಳಲ್ಲಿ ಒಬ್ಬರು ಬಂದಿದ್ದಾರೆ.’ ಒಬ್ಬರೇ ಆದರೂ ಮೇಷ್ಟ್ರು ಆದ್ದರಿಂದ ‘ಒಬ್ಬರು’, ‘ಬಂದಿದ್ದಾರೆ’. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಇಂಗ್ಲಿಷಿಗೆ ಹೋದವರು ‘ಒನ್ ಆಫ್ ಅವರ್ ಟೀಚರ್ಸ್ ಹ್ಯಾವ್ ಕಮ್’ ಎಂದು ಬರೆದರೆ ಅದರ ಹಿಂದಿರುವುದು ಅಜ್ಞಾನವಲ್ಲ, ಮರ್ಯಾದೆ. ಇಂಗ್ಲಿಷ್ ಕ್ರಿಯಾಪದಕ್ಕೆ ಮರ್ಯಾದೆ ತೋರಿಸುವ ರೂಪವಿಲ್ಲ. ‘ಹ್ಯಾಸ್ ಕಮ್’ ಎಂದರೆ ಮೇಷ್ಟ್ರಿಗೆ ಅಗೌರವವಾಗುವುದಿಲ್ಲ ಎಂದು ಒಮ್ಮೆ ಹೇಳಿದರೆ ಸಾಕು, ಎಷ್ಟೋ ಮಕ್ಕಳ ಅಳುಕು ಬಿಡುತ್ತದೆ.

ಇಷ್ಟು ವಾಕ್ಯದ ಸರದಿಯ ಮಾತು. ಇದಕ್ಕಿಂತ ಆಳದಲ್ಲಿ ಇನ್ನೊಂದು ಕಾರಣವಿದೆ. ನನ್ನ ದೃಷ್ಟಿಯಲ್ಲಿ ಮುಖ್ಯವಾದದ್ದು ಅದೇ. ಕನ್ನಡದಲ್ಲಿ ‘ಗೆಳೆಯರಲ್ಲೊಬ್ಬ’ ಎಂಬ ಮಾತು ಇರುವಂತೆ ‘ಗೆಳೆಯನೊಬ್ಬ’ ಎಂಬ ಮಾತೂ ಇದೆ. ಎರಡೂ ಒಂದೇ ಅಲ್ಲ. ‘ಗೆಳೆಯನೊಬ್ಬ ಹೇಳಿದ’ ಎಂದಾಗ ಕೇಳುವವರ ಕಣ್ಣ ಮುಂದೆ ಗುಂಪಿಲ್ಲ. ಯಾರೋ ಒಬ್ಬ ಗೆಳೆಯ, ಹೆಸರು ಸದ್ಯಕ್ಕೆ ಬೇಡ, ಅಷ್ಟೇ. ‘ಗೆಳೆಯ’ ಎಂಬುದು ಅಲ್ಲಿ ಏಕವಚನದಲ್ಲೇ ಇದೆ. ‘ಗೆಳೆಯರಲ್ಲೊಬ್ಬ ಹೇಳಿದ’ ಎಂದಾಗ ಗುಂಪು ಕಾಣುತ್ತದೆ. ಒಬ್ಬ ಹೇಳಿದ, ಉಳಿದವರು ಹೇಳಲಿಲ್ಲ ಎಂಬ ಧ್ವನಿಯೂ ಬರಬಹುದು. ಈಗ ‘ಒನ್ ಆಫ್ ಮೈ ಫ್ರೆಂಡ್’ ಅನ್ನು ಮತ್ತೊಮ್ಮೆ ನೋಡಿ. ಅರ್ಧ ‘ಗೆಳೆಯರಲ್ಲೊಬ್ಬ’, ಇನ್ನರ್ಧ ‘ಗೆಳೆಯನೊಬ್ಬ’. ಬರೆಯುವವರ ಮನಸ್ಸಿನಲ್ಲಿ ಇದ್ದದ್ದು ಹೆಚ್ಚಿನ ಸಲ ಎರಡನೆಯದು. ಕೈಗೆ ಸಿಕ್ಕಿದ ಇಂಗ್ಲಿಷ್ ಅಚ್ಚು ಮೊದಲನೆಯದು. ಅಚ್ಚಿಗೆ ಬೇಕಾದ ಬಹುವಚನ ಮನಸ್ಸಿನಲ್ಲಿ ಇರಲೇ ಇಲ್ಲ.

ಹಾಗಾದರೆ ತಿದ್ದುವುದು ಹೇಗೆ? ‘ಎಸ್’ ಸೇರಿಸುವುದು ಯಾವಾಗಲೂ ಸರಿಯಾದ ಮದ್ದಲ್ಲ. ‘ಗೆಳೆಯನೊಬ್ಬ’ ಎಂಬ ಅರ್ಥಕ್ಕೆ ಇಂಗ್ಲಿಷಿನಲ್ಲಿ ‘ಎ ಫ್ರೆಂಡ್’ ಇದೆ, ‘ಎ ಫ್ರೆಂಡ್ ಆಫ್ ಮೈನ್’ ಇದೆ. ‘ಎ ಫ್ರೆಂಡ್ ಟೋಲ್ಡ್ ಮಿ ಅಬೌಟ್ ದಿಸ್ ಜಾಬ್’ ಎಂದರೆ ಮುಗಿಯಿತು. ಅಲ್ಲಿ ಗುಂಪಿನ ಪ್ರಸ್ತಾಪವೇ ಬೇಡ. ಬರೆಯುವ ಮುಂಚೆ ಕನ್ನಡದಲ್ಲಿ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ನಾನು ಹೇಳಹೊರಟಿರುವುದು ಗೆಳೆಯನೊಬ್ಬನ ಮಾತೋ, ಗೆಳೆಯರಲ್ಲೊಬ್ಬನ ಮಾತೋ? ಹೀಗೆ ಕೇಳಿಕೊಂಡವರು ‘ಒನ್ ಆಫ್’ ಬರೆಯುವುದೇ ಅರ್ಧಕ್ಕರ್ಧ ಕಡಿಮೆಯಾದೀತು. ಬರೆದಾಗ ಬಹುವಚನ ತಾನಾಗಿ ಬರುತ್ತದೆ. ‘ಒನ್ ಆಫ್ ಮೈ ಫ್ರೆಂಡ್ಸ್ ಹೌಸ್’ ಎಂಬ ಗೋಜಲೂ ಹೀಗೇ ಬಿಡಿಸಿಕೊಳ್ಳುತ್ತದೆ. ಅಲ್ಲಿ ಕೇಳಿಸುವ ‘ಎಸ್’ ಬಹುವಚನದ್ದೋ, ಮನೆಯ ಒಡೆತನದ್ದೋ, ಬರೆದವರಿಗೇ ಗೊತ್ತಿರುವುದಿಲ್ಲ. ಕನ್ನಡದಲ್ಲಿ ನಾವು ‘ಗೆಳೆಯನೊಬ್ಬನ ಮನೆ’ ಎನ್ನುತ್ತೇವೆ. ಇಂಗ್ಲಿಷಿನಲ್ಲೂ ‘ಎ ಫ್ರೆಂಡ್ಸ್ ಹೌಸ್’ ಎಂದು ಒಡೆತನದ ಚಿಹ್ನೆ ಹಾಕಿ ಬರೆದರೆ ಸಾಕು.

ಆಡುಮಾತಿನ ಒಂದು ಅಭ್ಯಾಸವನ್ನು ಇಲ್ಲಿ ಹೇಳದೆ ಮುಂದೆ ಹೋಗಲಾಗದು. ಸಂಖ್ಯೆ ಜೊತೆಗಿದ್ದಾಗ ಕನ್ನಡ ‘ಗಳು’ವನ್ನು ಬಿಟ್ಟುಬಿಡುತ್ತದೆ. ಐದು ಪುಸ್ತಕ, ಹತ್ತು ತೆಂಗಿನಕಾಯಿ, ನೂರು ರೂಪಾಯಿ. ‘ಆ ಐದು ಪುಸ್ತಕದಲ್ಲಿ ಒಂದು ಕೊಡು’ ಎಂದರೆ ಯಾರಿಗೂ ಗೊಂದಲವಾಗುವುದಿಲ್ಲ. ಹಲವಿವೆ ಎಂಬುದನ್ನು ‘ಐದು’ ಹೇಳಿಬಿಟ್ಟಿದೆ. ಇಂಗ್ಲಿಷ್ ಈ ರಿಯಾಯಿತಿ ಕೊಡುವುದಿಲ್ಲ. ‘ಒನ್ ಆಫ್ ದಿ ಫೈವ್ ಬುಕ್ಸ್’ ಎಂದು ಸಂಖ್ಯೆಯ ಜೊತೆಗೂ ಬಹುವಚನ ಬೇಕು.

‘ಎಸ್ ಸೇರಿಸಿ’ ಎಂಬ ಸೂತ್ರವನ್ನಷ್ಟೇ ಕಲಿತವರು ಮುಂದೆ ಬೇರೆ ಕಡೆ ಎಡವುತ್ತಾರೆ. ‘ಒನ್ ಆಫ್ ದಿ ಸ್ಟಾಫ್ಸ್’, ‘ಒನ್ ಆಫ್ ದಿ ಫರ್ನಿಚರ್ಸ್’, ‘ಒನ್ ಆಫ್ ಹಿಸ್ ಅಡ್ವೈಸಸ್’. ಅಚ್ಚು ಕೇಳುವುದು ಗುಂಪನ್ನು, ‘ಎಸ್’ ಅನ್ನಲ್ಲ. ಸ್ಟಾಫ್ ಎಂದರೇ ಜನರ ಗುಂಪು. ‘ಒನ್ ಆಫ್ ದಿ ಸ್ಟಾಫ್’ ಎಂದರೆ ಸಾಕು. ‘ಒನ್ ಆಫ್ ದಿ ಫ್ಯಾಮಿಲಿ’, ‘ಒನ್ ಆಫ್ ದಿ ಚಿಲ್ಡ್ರನ್’ ಕೂಡ ಹಾಗೆಯೇ ಸರಿ. ಫರ್ನಿಚರ್, ಅಡ್ವೈಸ್, ಇನ್ಫರ್ಮೇಷನ್, ಎಕ್ವಿಪ್‌ಮೆಂಟ್ ಇವುಗಳ ಕತೆ ಬೇರೆ. ಇಂಗ್ಲಿಷ್ ಇವನ್ನು ನೀರು, ಮರಳಿನ ಹಾಗೆ ಎಣಿಸಲಾಗದ್ದು ಎಂದು ನೋಡುತ್ತದೆ. ಎಣಿಸಲಾಗದ್ದರಿಂದ ಒಂದನ್ನು ಆರಿಸುವುದು ಹೇಗೆ? ಅದಕ್ಕೇ ‘ಎ ಪೀಸ್ ಆಫ್ ಅಡ್ವೈಸ್’ ಎಂಬ ಸುತ್ತುದಾರಿ. ಇನ್ನು ‘ಕ್ರೈಟೀರಿಯಾ’ ಬಹುವಚನವೇ, ಅದರ ಏಕವಚನ ‘ಕ್ರೈಟೀರಿಯನ್’. ಆದ್ದರಿಂದ ‘ಒನ್ ಆಫ್ ದಿ ಕ್ರೈಟೀರಿಯಾ’ ಸರಿ. ಭಾವಮೈದುನರಲ್ಲಿ ಒಬ್ಬರ ಬಗ್ಗೆ ಹೇಳಬೇಕಿದ್ದರೆ ‘ಬ್ರದರ್ಸ್ ಇನ್ ಲಾ’ ಎಂದು ‘ಎಸ್’ ಬ್ರದರಿಗೆ ಸೇರಬೇಕು, ಲಾ ಕಡೆಗಲ್ಲ.

ಗುಂಪು ಯಾವುದೆಂದು ಗೊತ್ತಿರಬೇಕು ಎಂಬುದೂ ಈ ಅಚ್ಚಿನ ಷರತ್ತು. ‘ಒನ್ ಆಫ್ ಫ್ರೆಂಡ್ಸ್’ ಎಂದರೆ ಆಗುವುದಿಲ್ಲ, ಯಾರ ಫ್ರೆಂಡ್ಸ್? ‘ದಿ’, ‘ಮೈ’, ‘ಅವರ್’, ‘ದೋಸ್’ ಇವುಗಳಲ್ಲಿ ಒಂದು ಅಲ್ಲಿ ಬೇಕು.

‘ಹೂ’ ಸೇರಿಕೊಂಡಾಗ ಓದಿದವರೂ ಜಗಳವಾಡುತ್ತಾರೆ. ಕನ್ನಡದ ಎಂಟು ಲೇಖಕರಿಗೆ ಜ್ಞಾನಪೀಠ ಪ್ರಶಸ್ತಿ ಬಂದಿದೆ: ಕುವೆಂಪು, ಬೇಂದ್ರೆ, ಕಾರಂತ, ಮಾಸ್ತಿ, ಗೋಕಾಕ, ಅನಂತಮೂರ್ತಿ, ಕಾರ್ನಾಡ, ಕಂಬಾರ. ಬೇಂದ್ರೆಯವರ ಬಗ್ಗೆ ಇಂಗ್ಲಿಷಿನಲ್ಲಿ ಬರೆಯುತ್ತೀರಿ ಎಂದುಕೊಳ್ಳಿ. ‘ಬೇಂದ್ರೆ ವಾಸ್ ಒನ್ ಆಫ್ ದಿ ಎಯ್ಟ್ ಕನ್ನಡ ರೈಟರ್ಸ್ ಹೂ…’ ಮುಂದೆ ‘ವಾಸ್ ಆನರ್ಡ್’ ಎನ್ನಬೇಕೋ, ‘ವರ್ ಆನರ್ಡ್’ ಎನ್ನಬೇಕೋ? ಈವರೆಗೆ ಹೇಳಿದ ಏಕವಚನದ ಸೂತ್ರ ಇಲ್ಲಿ ದಾರಿ ತಪ್ಪಿಸುತ್ತದೆ. ಕನ್ನಡದಲ್ಲಿ ಹೇಳಿ ನೋಡಿ: ‘ಜ್ಞಾನಪೀಠ ಪಡೆದ ಎಂಟು ಲೇಖಕರಲ್ಲಿ ಬೇಂದ್ರೆಯವರೂ ಒಬ್ಬರು.’ ‘ಪಡೆದ’ ಎಂಬ ಮಾತು ಯಾರಿಗೆ ಅಂಟಿಕೊಂಡಿದೆ? ‘ಎಂಟು ಲೇಖಕ’ರಿಗೆ. ಪಡೆದವರು ಎಂಟು ಮಂದಿ. ಆದ್ದರಿಂದ ‘ಹೂ ವರ್ ಆನರ್ಡ್’. ಈಗ ಇನ್ನೊಂದು ವಾಕ್ಯ: ‘ಆ ಎಂಟು ಮಂದಿಯಲ್ಲಿ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನ ನಿರ್ದೇಶಕರಾಗಿದ್ದವರು ಕಾರ್ನಾಡರು ಒಬ್ಬರೇ.’ ಇಲ್ಲಿ ‘ಆಗಿದ್ದವರು’ ಕಾರ್ನಾಡರಿಗೆ ಮಾತ್ರ ಸೇರಿದ್ದು. ಇಂಗ್ಲಿಷಿನಲ್ಲಿ ‘ದಿ ಓನ್ಲಿ ಒನ್ ಆಫ್ ದಿ ಎಯ್ಟ್ ಹೂ ವಾಸ್’ ಎಂದು ಏಕವಚನವೇ ಬೇಕು. ಇಂಗ್ಲಿಷಿನ ‘ಹೂ’ ತಾನು ಯಾರ ಕಡೆಯವನೆಂದು ಬಾಯಿಬಿಟ್ಟು ಹೇಳುವುದಿಲ್ಲ. ಕನ್ನಡದ ‘ಪಡೆದ’, ‘ಓದುವ’, ‘ಬರೆಯದ’ ಎಂಬ ಕೃದಂತಗಳು ತಾವು ಯಾರ ಮುಂದೆ ನಿಂತಿವೆಯೋ ಅವರಿಗೇ ಸೇರುತ್ತವೆ. ಇಂಗ್ಲಿಷ್ ವಾಕ್ಯದ ಸಂಶಯವನ್ನು ಕನ್ನಡ ವಾಕ್ಯ ತೀರಿಸುತ್ತದೆ.

ಈ ವಿಷಯದಲ್ಲಿ ಇಂಗ್ಲಿಷರಲ್ಲೂ ಒಮ್ಮತವಿಲ್ಲ. 1926ರಲ್ಲಿ ಇಂಗ್ಲಿಷ್ ಬಳಕೆಯ ಹೆಸರಾಂತ ಕೋಶವನ್ನು ತಂದ ಎಚ್. ಡಬ್ಲ್ಯು. ಫೌಲರ್ ಬಹುವಚನದ ಪಕ್ಷ. 1989ರಲ್ಲಿ ಬಂದ ಮೆರಿಯಂ ವೆಬ್‌ಸ್ಟರ್ ಬಳಕೆಯ ಕೋಶ ಒಳ್ಳೆಯ ಬರಹಗಾರರು ಎರಡನ್ನೂ ಬಳಸಿದ್ದಾರೆ ಎಂದು ತೋರಿಸಿತು. ಪರೀಕ್ಷೆ ಬರೆಯುವವರು ಫೌಲರ್ ಜೊತೆಗಿರುವುದು ಕ್ಷೇಮ. ನನಗೂ ಅದೇ ಸರಿ ಎನಿಸುತ್ತದೆ, ಅರ್ಥ ಆ ಕಡೆಗಿರುವುದರಿಂದ.

‘ಒನ್ ಆಫ್ ದಿ ಬೆಸ್ಟ್’, ‘ಒನ್ ಆಫ್ ದಿ ಮೋಸ್ಟ್’ ಎಂಬ ಬಳಕೆಗಳಲ್ಲಿ ವ್ಯಾಕರಣಕ್ಕಿಂತ ಹೆಚ್ಚಿನದು ಕೆಡುತ್ತದೆ. ‘ಐ ಸ್ಟಡೀಡ್ ಇನ್ ಒನ್ ಆಫ್ ದಿ ಬೆಸ್ಟ್ ಕಾಲೇಜಸ್’ ಎಂದು ಬರೆದರೆ ವ್ಯಾಕರಣ ಸರಿಯಾಯಿತು. ಓದಿದವರಿಗೆ ಏನು ತಿಳಿಯಿತು? ಏನೂ ಇಲ್ಲ. ಕಾಲೇಜಿನ ಹೆಸರು, ಊರು, ಓದಿದ ವಿಷಯ, ಮುಗಿಸಿದ ವರ್ಷ ಬರೆಯಲಿ. ಆ ನಾಲ್ಕು ಸಂಗತಿಗಳ ತೂಕ ‘ಬೆಸ್ಟ್’ಗಿಲ್ಲ. ಹಿಂಜರಿಯುತ್ತಾ ಹೊಗಳುವ ಮಾತು ಅದು: ಅತ್ಯುತ್ತಮ ಎನ್ನಲು ಧೈರ್ಯವಿಲ್ಲ, ಒಳ್ಳೆಯದು ಎಂದರೆ ಸಾಲದು. ಹಾಗೂ ಬರೆಯಲೇಬೇಕಾದಾಗ ‘ಬೆಸ್ಟ್’ ಬಂದರೂ ಗುಂಪು ಗುಂಪೇ ಎಂಬುದು ನೆನಪಿರಲಿ. ‘ಇಫ್ ನಾಟ್ ದಿ ಬೆಸ್ಟ್’ ಎಂದು ಇನ್ನೊಂದು ಮೆಟ್ಟಿಲು ಏರುವ ಆಸೆಯಿದ್ದರೆ ಅದನ್ನು ನಡುವೆ ತುರುಕದೆ ವಾಕ್ಯದ ಕೊನೆಗಿಡುವುದು ಲೇಸು. ನಡುವೆ ಬಂದರೆ ಮುಂದಿನ ನಾಮಪದ ಏಕವಚನವೋ ಬಹುವಚನವೋ ಎಂಬ ತಗಾದೆ ತೀರುವುದಿಲ್ಲ.

ಈ ನುಡಿಗಟ್ಟು ಈಗ ಕನ್ನಡಕ್ಕೂ ಬಂದು ನೆಲೆಸಿದೆ, ಹೋದ ದಾರಿಯಲ್ಲೇ ತಿರುಗಿ ಬಂದ ಹಾಗೆ. ಪತ್ರಿಕೆಗಳಲ್ಲಿ, ಪಠ್ಯಪುಸ್ತಕಗಳಲ್ಲಿ, ಜಾಹೀರಾತುಗಳಲ್ಲಿ ‘ಪಟ್ಟದಕಲ್ಲು ಕರ್ನಾಟಕದ ವಿಶ್ವ ಪರಂಪರೆಯ ತಾಣಗಳಲ್ಲಿ ಒಂದಾಗಿದೆ’ ಎಂಬಂಥ ವಾಕ್ಯಗಳು ಕಾಣುತ್ತವೆ. ಇಂಗ್ಲಿಷಿನ ‘ಈಸ್ ಒನ್ ಆಫ್’ ಅನ್ನು ಪದಕ್ಕೆ ಪದ ಇಳಿಸಿದ ವಾಕ್ಯ ಅದು. ‘ಒಂದಾಗು’ ಎಂದರೆ ಕನ್ನಡದಲ್ಲಿ ಕೂಡಿಕೊಳ್ಳು, ಒಗ್ಗಟ್ಟಾಗು. ಮುರಿದ ಮನೆ ಒಂದಾಗುತ್ತದೆ, ದೂರವಾದ ಅಣ್ಣತಮ್ಮಂದಿರು ಒಂದಾಗುತ್ತಾರೆ. ಪಟ್ಟದಕಲ್ಲು 1987ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು. ಅದಕ್ಕೂ ಒಂದು ವರ್ಷ ಮೊದಲು ಹಂಪಿ ಸೇರಿತ್ತು. 2012ರಲ್ಲಿ ಪಶ್ಚಿಮ ಘಟ್ಟದ ತಾಣಗಳೂ 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರದ ಹೊಯ್ಸಳ ದೇಗುಲಗಳೂ ಸೇರಿದವು. ಇಷ್ಟರಲ್ಲಿ ಪಟ್ಟದಕಲ್ಲನ್ನು ಎತ್ತಿ ಹೇಳಲು ಕನ್ನಡಕ್ಕೆ ‘ಆಗಿದೆ’ಯ ಊರುಗೋಲು ಬೇಕಿಲ್ಲ. ‘ಕರ್ನಾಟಕದ ವಿಶ್ವ ಪರಂಪರೆಯ ತಾಣಗಳಲ್ಲಿ ಪಟ್ಟದಕಲ್ಲೂ ಒಂದು.’ ಆ ಪುಟ್ಟ ‘ಊ’ ಸಾಕು. ಉಳಿದ ತಾಣಗಳನ್ನು ಅದು ಹೆಸರಿಸದೆಯೇ ಜೊತೆಗೆ ಕರೆತರುತ್ತದೆ. ಇಂಗ್ಲಿಷ್ ‘ಒನ್ ಆಫ್ ದಿ… ಸೈಟ್ಸ್’ ಎಂದು ಬಹುವಚನವನ್ನು ಹಿಡಿದು ಕೇಳುವುದೂ ಆ ಉಳಿದವುಗಳಿಗಾಗಿಯೇ.